ಕದಿರಪ್ಪನ ಪೀಪಾಯಿ

ಚಿಕ್ಕಜಾಲದ ಕದಿರಪ್ಪ ತನ್ನ ಜನ್ಮದಲ್ಲಿ ಯಾವ ಪೆಟ್ರೋಲ್ ಬಂಕಿನವರನ್ನೂ ನಂಬಿದವನಲ್ಲ. ಶಾಲೆ ಮಕ್ಕಳನ್ನು ಕರೆದೊಯ್ಯುವ ತನ್ನ ಹಳದಿ ವ್ಯಾನನ್ನು ಬಂಕಿನಲ್ಲಿ ನಿಲ್ಲಿಸಿದನೆಂದರೆ ಮೊದಲು ಕೆಳಗಿಳಿಯುತ್ತಿದ್ದ, ಸೊಂಟಕ್ಕೆ ಕೈಕೊಟ್ಟು ಮೀಟರಿನ ಎದುರು ನಿಲ್ಲುತ್ತಿದ್ದ. "ಝೀರೋ ನೋಡ್ಕೊಳ್ಳಿ ಸರ್" ಎಂದು ಪೈಪು ಹಿಡಿದವರು ಹೇಳುವ ಮೊದಲೇ "ಝೀರೋ ತೋರ್ಸಪ್ಪ" ಎನ್ನುತ್ತಿದ್ದ. ತೋರಿಸಿದ ಮೇಲೂ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡುತ್ತಿದ್ದ. ಹಿಂದಿನ ಗಾಡಿಯವರು ಹಾರನ್ ಒತ್ತಿದರೆ ಅದು ಅವರ ಹಣೆಬರಹ.

ಅಂಥವನ ಸೊಸೆಯೇ ಬಂಕಿನ ಕೆಲಸಕ್ಕೆ ಸೇರಿದ್ದಳು. ರಮಾ ದಾಸರಹಳ್ಳಿಯ ಹುಡುಗಿ, ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ತಿರುಗಿಸಿದವನ ಮಗಳು. ಗಂಡ ನರೇಂದ್ರ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುತ್ತಿದ್ದ. ಮಗಳು ಸ್ಮಿತಾ ಮೂರನೇ ಕ್ಲಾಸಿಗೆ ಬಂದಾಗ ಒಬ್ಬನ ದುಡಿಮೆ ಸಾಲದೆ, ರಮಾ ಹೆದ್ದಾರಿ ಪಕ್ಕದ ಬಂಕಿನಲ್ಲಿ ಬೆಳಗಿನ ಪಾಳಿಗೆ ನಿಂತಳು. ಕದಿರಪ್ಪ ಒಂದು ವಾರ ಮುಖ ಊದಿಸಿಕೊಂಡ. ಅತ್ತೆ ಅಂಜಿನಮ್ಮ ಮಾತ್ರ, "ಓಗು ನೀನು, ನಿಮ್ ಮಾವನ್ನ ನಾನು ನೋಡ್ಕತೀನಿ" ಎಂದು ಮೊದಲ ದಿನ ಡಬ್ಬಿಗೆ ಚಿತ್ರಾನ್ನ ಕಟ್ಟಿ ಕಳಿಸಿದ್ದಳು.

ಮನೆಯಿಂದ ಒಂದು ಕೂಗಳತೆಯಲ್ಲಿ ಸೊಸೆಯ ಬಂಕಿದ್ದರೂ ಕದಿರಪ್ಪ ಅಲ್ಲಿಗೆ ಹೋಗುತ್ತಿರಲಿಲ್ಲ. ನಾಲ್ಕು ಕಿಲೋಮೀಟರ್ ಆಚೆಗೆ ಹೋಗಿ ಡೀಸೆಲ್ ಹಾಕಿಸಿಕೊಂಡು ಬರುತ್ತಿದ್ದ. "ಹೋಗಿ ಬರೋಕೇ ಒಂದು ಲೀಟರ್ ಸುಡ್ತೀಯಲ್ಲಪ್ಪ" ಎಂದು ನರೇಂದ್ರ ನಕ್ಕರೆ, "ಮನೆ ಸೊಸೆ ಕೈಯಾಗೆ ಪೈಪ್ ಇಡಿಸಿ, ನಾನು ಮೀಟರ್ ನೋಡ್ತಾ ನಿಂತ್ಕಬೇಕೇನ್ಲಾ?" ಎಂದು ಮಗನ ಬಾಯಿ ಮುಚ್ಚಿಸುತ್ತಿದ್ದ.

ಕದಿರಪ್ಪನಿಗೆ ಇನ್ನೊಂದು ಹಟವಿತ್ತು. ಜೂನಿನಲ್ಲಿ ಶಾಲೆ ಶುರುವಾಗುವ ದಿನ ವ್ಯಾನಿನ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಹನ್ನೆರಡು ಮನೆಯವರ ಮುಂದೆ ಆ ವರ್ಷದ ಬಾಡಿಗೆ ಹೇಳಿಬಿಡುತ್ತಿದ್ದ. ಹೇಳಿದ ಮೇಲೆ ಮುಗಿಯಿತು, ಮಾರ್ಚಿನ ತನಕ ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನಪ್ಪನ ಕಾಲದಲ್ಲಿ ಕಮ್ಮಾರನಿಗೆ ಸುಗ್ಗಿಯಲ್ಲಿ ಒಮ್ಮೆ ರಾಗಿ ಅಳೆದುಕೊಟ್ಟರೆ ಅವನು ವರ್ಷವಿಡೀ ನೇಗಿಲಿನ ಕುಳ ತಟ್ಟಿಕೊಡುತ್ತಿದ್ದನಂತೆ. ಕದಿರಪ್ಪನ ಲೆಕ್ಕವೂ ಅದೇ. ಆ ಜೂನಿನಲ್ಲೂ ಕಾಯಿ ಒಡೆದು ಮಾತು ಕೊಟ್ಟ. ಹತ್ತು ದಿನ ಕಳೆದಿರಲಿಲ್ಲ, ರಮಾ ಕೆಲಸ ಮುಗಿಸಿ ಬಂದು ಮಧ್ಯಾಹ್ನದ ಊಟಕ್ಕೆ ಕೂತವಳು ಒಂದು ಸುದ್ದಿ ಹೇಳಿದಳು.

"ನಾಳೆ ಬೆಳಿಗ್ಗೆ ಆರು ಗಂಟೆಯಿಂದ ಡೀಸೆಲ್ ಮೂರು ರೂಪಾಯಿ ಏರುತ್ತಂತೆ ಮಾವ. ರಾಜ್ಯದ ತೆರಿಗೆ ಜಾಸ್ತಿ ಮಾಡಿದಾರೆ."

ಕದಿರಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ. "ಕಚ್ಚಾ ಎಣ್ಣೆ ಇಳಿದದೆ ಅಂತ ನೆನ್ನೆ ಟೀವೀಲಿ ಬಡ್ಕೊಂಡ್ರು. ಅಲ್ಲಿ ಇಳಿದ್ರೆ ಇಲ್ಲಿ ಎಂಗೆ ಏರ್ತದೆ?"

"ಒಂದು ಲೀಟರಲ್ಲಿ ಕಚ್ಚಾ ಎಣ್ಣೆ ದುಡ್ಡು ಒಂದು ಪಾಲು ಅಷ್ಟೇ ಮಾವ. ಅದನ್ನೂ ಡಾಲರ್ ಕೊಟ್ಟು ತರಬೇಕು. ರೂಪಾಯಿ ಬಿದ್ರೆ ಎಣ್ಣೆ ಇದ್ದಲ್ಲೇ ಇದ್ರೂ ನಮಗೆ ಏರಿದ ಹಾಗೇ. ಅದನ್ನ ಸೋಸಬೇಕು, ಸಾಗಿಸಬೇಕು. ಅದರ ಮೇಲೆ ದೆಹಲಿಯವರ ಸುಂಕ, ಅದರ ಮೇಲೆ ಇಲ್ಲಿಯವರ ತೆರಿಗೆ, ಕೊನೇಲಿ ಬಂಕಿನವರ ಕಮಿಷನ್."

"ಅಂದ್ರೆ ರಾಗಿ ಅಗ್ಗ ಆದ್ರೂ ಮಿಲ್ಲಿನೋನು ಕೂಲಿ ಏರಿಸ್ಬಿಟ್ರೆ ಇಟ್ಟು ಅಗ್ಗ ಆಗಾಕಿಲ್ಲ" ಎಂದಳು ಅಂಜಿನಮ್ಮ, ಸಾರು ಬಡಿಸುತ್ತಾ.

"ಅಷ್ಟೇ ಅತ್ತೆ."

"ಅಷ್ಟು ಯೋಳಾಕೆ ಇಷ್ಟುದ್ದ ಯೋಳಿದ್ಯಲ್ಲ!"

"ಇದು ಇಳಿಯಾದೇ ಇಲ್ವಾ ಅಂಗಾರೆ?" ಕದಿರಪ್ಪ ಕೇಳಿದ.

ನರೇಂದ್ರ ಬಾಯಿ ಹಾಕಿದ. "ಎಲೆಕ್ಷನ್ ಬಂದ್ರೆ ಇಳಿಯುತ್ತೆ. ಬೇಸಿಗೇಲಿ ಎರಡು ರೂಪಾಯಿ ಇಳಿಲಿಲ್ವಾ?"

"ಎಲೆಕ್ಷನ್ ಮುಗೀತಲ್ಲ."

"ಅದಕ್ಕೇ ಏರ್ತಿರೋದು!"

ಎಲ್ಲರೂ ನಕ್ಕರು. ಕದಿರಪ್ಪ ನಗಲಿಲ್ಲ. ಕೈ ತೊಳೆದವನೇ ಹಿತ್ತಿಲಿಗೆ ಹೋದ. ಅಲ್ಲಿ ನುಗ್ಗೆ ಮರದ ಕೆಳಗೆ ಇನ್ನೂರು ಲೀಟರಿನ ಕಬ್ಬಿಣದ ಪೀಪಾಯಿ ನಿಂತಿತ್ತು. ಅವರ ಎರಡೆಕರೆ ಜಮೀನು ರಸ್ತೆಗೆ ಹೋಗುವ ಮುಂಚೆ ಬಾವಿಯ ಪಂಪ್‌ಸೆಟ್ಟಿಗೆ ಅದರಲ್ಲೇ ಡೀಸೆಲ್ ತುಂಬಿಸಿಡುತ್ತಿದ್ದದ್ದು. ಜಮೀನು ಹೋಯಿತು, ಪಂಪ್‌ಸೆಟ್ಟು ಗುಜರಿಗೆ ಹೋಯಿತು, ಪೀಪಾಯಿಯನ್ನು ಮಾತ್ರ ಕದಿರಪ್ಪ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಈಗ ಅದನ್ನು ಬೆರಳಿನಿಂದ ಎರಡು ಸಲ ತಟ್ಟಿ, ಸದ್ದು ಕೇಳಿ, ವ್ಯಾನಿನ ಹಿಂದಿನ ಸೀಟು ಮಡಚಿ ಮಗನ ಕೈಲಿ ಎತ್ತಿಸಿಟ್ಟ.

ಆ ದಿನ ಸಂಜೆ ಪಾಳಿಯ ಹೆಂಗಸೊಬ್ಬಳು ರಜೆ ಹಾಕಿದ್ದರಿಂದ ರಮಾ ಮತ್ತೆ ಬಂಕಿಗೆ ಹೋಗಿದ್ದಳು. ಸುದ್ದಿ ಊರಿಗೆಲ್ಲಾ ಹರಡಿ ರಸ್ತೆಯವರೆಗೂ ಸಾಲು ನಿಂತಿತ್ತು. ಸಾಲಿನ ನಡುವಿನಿಂದ ಹಳದಿ ವ್ಯಾನ್ ಬಂದು ಅವಳ ಪಂಪಿನ ಮುಂದೆಯೇ ನಿಂತಿತು. ಬೇರೆ ಬಂಕಿನವರು ಪೀಪಾಯಿಗೆ ಹಾಕುವುದಿಲ್ಲವೆಂದು ವಾಪಸ್ ಕಳಿಸಿದ್ದರಂತೆ.

"ಇದರ ತುಂಬ ಆಕಮ್ಮ" ಎಂದ ಕದಿರಪ್ಪ, ಎಲ್ಲರಿಗೂ ಕೇಳುವಂತೆ.

"ಮಾವ, ಪೀಪಾಯಿಗೆ ಹಾಕೋ ಹಾಗಿಲ್ಲ. ವ್ಯಾನಿಗೆ ಫುಲ್ ಮಾಡ್ತೀನಿ."

"ವ್ಯಾನಿಗೆ ಎಷ್ಟು ಇಡಿಸ್ತದೆ? ಮನೆಯೋರು ಕೇಳಿದ್ರೂ ಇಲ್ಲ ಅಂತೀಯಾ?"

ಹಿಂದಿನವರು ಹಾರನ್ ಶುರು ಮಾಡಿದರು. ಮ್ಯಾನೇಜರ್ ವಿಜಯ್ ಕುಮಾರ್ ಆಫೀಸಿನಿಂದ ಹೊರಬಂದ. ವಿಷಯ ತಿಳಿದು, "ನಿಮ್ ಮಾವನಾ? ಇದೊಂದ್ ಸಲ ಹಾಕಿ ಕಳಿಸಮ್ಮ, ಸಾಲು ಕರಗಲಿ" ಎಂದ. ರಮಾ ಪೈಪು ಎತ್ತಿಕೊಂಡಳು.

"ಒಳಗೆ ಒಣಗಿದ್ಯಾ ನೋಡಿದ್ರಾ ಮಾವ? ಒಂದ್ಸಲ ಬಟ್ಟೇಲಿ ಒರೆಸಿಬಿಡೋಣ."

"ನನ್ ಪೀಪಾಯಿ ನನಗೆ ಗೊತ್ತಿಲ್ವಾ? ಮೊದ್ಲು ಝೀರೋ ತೋರ್ಸು."

ರಮಾಳ ಮುಖ ಕೆಂಪಾಯಿತು. ಐದು ವರ್ಷ ಸಾವಿರಾರು ಜನಕ್ಕೆ ಝೀರೋ ತೋರಿಸಿದವಳು ಅಂದು ಮಾವನಿಗೆ ತೋರಿಸುವಾಗ ಕಳ್ಳಿಯಂತೆ ನಿಲ್ಲಬೇಕಾಯಿತು. ಕದಿರಪ್ಪ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದ. ಸುತ್ತಲಿದ್ದವರು ಅದನ್ನೆಲ್ಲಾ ನೋಡಿದರು.

ಪೀಪಾಯಿ ಬಂದು ಮೆಟ್ಟಿಲ ಕೆಳಗೆ ಕೂತಿತು. ಅದರ ಬಗಲಿಗೇ ಅಡುಗೆಮನೆಯ ಬಾಗಿಲು. "ಅವರೆಕಾಳಿನ ಸಾರಾಗೂ ಡೀಸೆಲ್ ವಾಸನೆ, ದೇವರ ಮನೇಲೂ ಡೀಸೆಲ್ ವಾಸನೆ. ಕಿಡಿ ಗಿಡಿ ಬಿದ್ರೆ ಮನೆಯೋರೆಲ್ಲ ಒಟ್ಟಿಗೆ ಓಗಾದೇ" ಎಂದು ಅಂಜಿನಮ್ಮ ದಿನಕ್ಕೆ ಹತ್ತು ಸಲ ಗೊಣಗಿದಳು. ಕದಿರಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಿಗ್ಗೆ ಎದ್ದು ಪ್ಲಾಸ್ಟಿಕ್ ಪೈಪಿನ ಒಂದು ತುದಿ ಪೀಪಾಯಿಗಿಳಿಸಿ, ಇನ್ನೊಂದು ತುದಿಯನ್ನು ಬಾಯಲ್ಲಿ ಎಳೆದು, ಥೂ ಎಂದು ಉಗಿದು, ಕ್ಯಾನಿಗೆ ಇಪ್ಪತ್ತು ಲೀಟರ್ ಇಳಿಸಿ ವ್ಯಾನಿಗೆ ಹೊಯ್ಯುತ್ತಿದ್ದ. ಹಾಗೆ ಉಗಿಯುವಾಗೆಲ್ಲಾ ಅವನ ಮುಖದಲ್ಲಿ ಯುದ್ಧ ಗೆದ್ದ ಕಳೆ. "ಆರುನೂರು ರೂಪಾಯಿ ಉಳಿಸಿದೀನಿ. ಯಾವ ದೆಹಲಿಯೋನು ಕಿತ್ಕಂಡಾನು?" ಎನ್ನುತ್ತಿದ್ದ.

ಎಂಟು ದಿನ ಹೀಗೆ ನಡೆಯಿತು. ಒಂಬತ್ತನೆಯ ದಿನ ಡೀಸೆಲ್ ಇಳಿದು ಪೈಪು ಗಾಳಿ ಎಳೆಯತೊಡಗಿತು. ಕದಿರಪ್ಪ ಪೈಪನ್ನು ಪೀಪಾಯಿಯ ತಳದವರೆಗೂ ಇಳಿಸಿ ಎಳೆದ. ಆ ಬೆಳಿಗ್ಗೆ ಯಲಹಂಕದ ವಾಯುನೆಲೆಯ ಗೋಡೆಯ ಪಕ್ಕದ ಸರ್ವೀಸ್ ರಸ್ತೆಯಲ್ಲಿ ಹಳದಿ ವ್ಯಾನ್ ಮೂರು ಸಲ ಕೆಮ್ಮಿ ನಿಂತುಬಿಟ್ಟಿತು, ಒಳಗೆ ಹನ್ನೆರಡು ಮಕ್ಕಳು. ಅವರ ಜೊತೆ ಸ್ಮಿತಾಳೂ ಇದ್ದಳು. ಅವತ್ತು ಮಕ್ಕಳಿಗೆ ಕಿರುಪರೀಕ್ಷೆ. ತಂದೆತಾಯಂದಿರು ಸ್ಕೂಟರು, ಆಟೋ ಹಿಡಿದು ಓಡಿಬಂದರು.

ಯಲಹಂಕದ ಗ್ಯಾರೇಜಿನ ಚನ್ನು, ಬಾಗಲಕೋಟೆ ಕಡೆಯ ಹುಡುಗ, ಬಂದು ಫಿಲ್ಟರ್ ಬಿಚ್ಚಿ ಗಾಜಿನ ಲೋಟಕ್ಕೆ ಸುರಿದು ತೋರಿಸಿದ. "ನೋಡ್ರಿ ಯಜಮಾನ್ರ, ಇದ್ರಾಗ ಡೀಸೆಲ್‌ಕಿಂತ ನೀರ ಜಾಸ್ತಿ ಐತಿ. ನಿಮ್ಮ ಹಳೇ ಪಂಪ್‌ಸೆಟ್ ಆಗಿದ್ರ ಕುಡದು ತೇಗತಿತ್ತು. ಈ ಹೊಸಾ ಇಂಜಿನ್ನಿಗೆ ಒಂದ್ ಹನಿ ತಡಿಯಂಗಿಲ್ರಿ. ಇಂಜೆಕ್ಟರ್ ಎಲ್ಲಾ ಬಿಚ್ಚಬೇಕು. ಏನಿಲ್ಲಾಂದ್ರೂ ಇಪ್ಪತ್ತೈದು ಸಾವಿರ."

ವ್ಯಾನಿನಲ್ಲಿದ್ದ ರೆಹಾನಾಳ ತಾಯಿ ನಸೀಮಾ ಕೇಳಿದಳು. "ನೀರು ಎಲ್ಲಿಂದ ಬಂತು ಕದಿರಪ್ಪನೋರೆ?"

ಹನ್ನೆರಡು ಮನೆಯವರು ಬಾಯಿ ನೋಡುತ್ತಿದ್ದರು. ಕದಿರಪ್ಪನ ಬಾಯಿಂದ ಪೀಪಾಯಿಯ ಮಾತು ಹೊರಡಲಿಲ್ಲ. "ಎಲ್ಲಿಂದ ಬತ್ತದಮ್ಮ? ಬಂಕಿಂದ. ನೀರು ಬೆರೆಸವ್ರೆ ಕಳ್ರು" ಎಂದುಬಿಟ್ಟ.

ಯಾವ ಬಂಕು ಎಂದರು. ಹೆಸರೂ ಹೇಳಿದ. ಮಧ್ಯಾಹ್ನದೊಳಗೆ ಅದು ತಂದೆತಾಯಂದಿರ ವಾಟ್ಸಾಪ್ ಗುಂಪಿನಿಂದ ಊರಿನ ಬೇರೆ ಗುಂಪುಗಳಿಗೂ ಹಾರಿತು. ಮಾರನೆಯ ದಿನ ಬಂಕಿನಲ್ಲಿ ಬೈಕಿನವರು ಕೂಡ "ನೀರಿಲ್ಲದೆ ಇರೋದು ಹಾಕಮ್ಮ" ಎಂದು ಅಣಕಿಸತೊಡಗಿದರು.

ಶನಿವಾರ ಮಾಲೀಕರು ಬಂದರು. ರಮಾಳನ್ನು ಒಳಗೆ ಕರೆಸಿ ಮೇಜಿನ ಮೇಲೆ ರಿಜಿಸ್ಟರ್ ತೆರೆದಿಟ್ಟರು. ದಿನಾ ಬೆಳಿಗ್ಗೆ ನೆಲದಡಿಯ ಟ್ಯಾಂಕಿಗೆ ಉದ್ದನೆಯ ಸರಳು ಇಳಿಸಿ ನೀರಿದೆಯೇ ಎಂದು ನೋಡಿ ಬರೆಯುವ ಪುಸ್ತಕ ಅದು. ಸರಳಿನ ತುದಿಗೆ ಕಂದು ಬಣ್ಣದ ಪೇಸ್ಟ್ ಸವರುತ್ತಾರೆ, ನೀರು ತಾಕಿದರೆ ಅದು ಕೆಂಪಾಗುತ್ತದೆ.

"ನಿನ್ ಮಾವ ಡೀಸೆಲ್ ಹಾಕಿಸಿದ ದಿನ ನೋಡಿದ್ದು ಯಾರು?"

"ನಾನೇ ಸಾರ್. ನೀರಿರಲಿಲ್ಲ. ಸೈನ್ ಮಾಡಿದೀನಿ."

"ನೀನು ಸೈನ್ ಮಾಡ್ತೀಯ, ನಿನ್ ಮಾವ ನೀರಿದೆ ಅಂತಾನೆ. ನಿಮ್ಮಿಬ್ಬರಲ್ಲಿ ಒಬ್ಬರು ಸುಳ್ಳು. ಸೋಮವಾರದೊಳಗೆ ಅವನು ಹೇಳಿದ ಜಾಗದಲ್ಲೇ ವಾಪಸ್ ತಗೋಬೇಕು. ಇಲ್ದಿದ್ರೆ ನೀನು ಬರಬೇಡಮ್ಮ. ವಿಜಯ್ ಕುಮಾರ್, ಪೀಪಾಯಿಗೆ ಹಾಕಿಸಿದ್ದು ನೀನು, ನಿನಗೂ ಇದೇ ಮಾತು."

ಮನೆಗೆ ಬಂದು ರಮಾ ನಡೆದದ್ದನ್ನು ಹೇಳಿದಳು. ಕದಿರಪ್ಪ ಜಗುಲಿಯಲ್ಲಿ ಕೂತು ಪೇಪರ್ ಅಡ್ಡ ಹಿಡಿದುಕೊಂಡ.

"ಅಪ್ಪ ಒಂದು ಮಾತು ಆಡಿ ಆಗಿದೆ. ಊರ ಮುಂದೆ ಅದನ್ನ ನುಂಗು ಅಂತೀಯಾ?" ನರೇಂದ್ರ ದನಿ ಏರಿಸಿದ. "ಬೇರೆ ಬಂಕ್ ಸಿಗಲ್ವಾ ನಿನಗೆ?"

"ನೀರು ಬೆರೆಸಿ ಮಾರಿದೋಳು ಅಂತ ಹೆಸರು ಹೊತ್ಕೊಂಡು ಯಾವ ಬಂಕಿಗೆ ಹೋಗ್ಲಿ ರೀ? ಸ್ಮಿತಾ ಫೀಸ್ ನೀವು ಕಟ್ತೀರಾ? ಬಿಸಿಲಲ್ಲಿ ನಿಂತು ಕಾಲು ಊದಿಸ್ಕೊಂಡು ಸಂಪಾದಿಸಿದ ಕೆಲಸ ಅದು. ಬೆಲೆ ಏರಿದ್ರೆ ನನ್ನ ಬೈತಾರೆ, ಇಳಿದ್ರೆ ಯಾಕೆ ಇಷ್ಟೇ ಇಳೀತು ಅಂತಾನೂ ನನ್ನೇ ಬೈತಾರೆ. ಅದನ್ನೆಲ್ಲಾ ತಡ್ಕೊಂಡೆ. ಮನೆಯೋರೇ ಕಳ್ಳಿ ಅಂದ್ರೆ ತಡ್ಕೊಳಲ್ಲ."

ಅವಳಿಗೆ ಅಳು ಬಂತು. ಒರೆಸಿಕೊಂಡು ಪಾತ್ರೆ ತಿಕ್ಕಲು ಕೂತಳು. ಆ ಹೊತ್ತು ಮನೆಯಲ್ಲಿ ಯಾರೂ ಯಾರ ಜೊತೆಯೂ ಉಣ್ಣಲಿಲ್ಲ.

ಭಾನುವಾರ ಬೆಳಿಗ್ಗೆ ರಮಾ ಒಂದು ಕಾಗದದ ಪೊಟ್ಟಣ ತಂದಳು. ವಿಜಯ್ ಕುಮಾರನನ್ನು ಕೇಳಿ ತಂದ ಸ್ವಲ್ಪ ಪೇಸ್ಟ್ ಅದರಲ್ಲಿತ್ತು. ಬಟ್ಟೆ ಒಣಗಿಸುವ ಬಿದಿರಿನ ಗಳವನ್ನು ಬಿಚ್ಚಿ, ತುದಿಯಿಂದ ಒಂದು ಮೊಳದಷ್ಟು ಸವರಿದಳು. ಮಾವನ ಎದುರು ತಾನೇ ಅದನ್ನು ಪೀಪಾಯಿಗೆ ಇಳಿಸಲು ಮನಸ್ಸಾಗಲಿಲ್ಲ.

"ಅತ್ತೆ, ನೀವು ಇಳಿಸಿ. ತಳ ಮುಟ್ಟಬೇಕು. ಅಲುಗಾಡಿಸದೆ ಸ್ವಲ್ಪ ಹೊತ್ತು ಹಿಡ್ಕೊಳಿ. ನೀರಿದ್ರೆ ಕೆಂಪಾಗುತ್ತೆ. ಇಲ್ಲದಿದ್ರೆ ನಾನೇ ಕೆಲಸ ಬಿಡ್ತೀನಿ."

ಕದಿರಪ್ಪ ಜಗುಲಿಯಿಂದ ಎದ್ದು ಬಂದ. ನರೇಂದ್ರ ಹಲ್ಲುಜ್ಜುವ ಬ್ರಶ್ ಬಾಯಲ್ಲಿಟ್ಟುಕೊಂಡೇ ಬಂದು ನಿಂತ. ಅಂಜಿನಮ್ಮ ಗಳ ಇಳಿಸಿದಳು, ಹಿಡಿದುಕೊಂಡಳು, ಎತ್ತಿದಳು. ತುದಿಯಿಂದ ನಾಲ್ಕು ಬೆರಳಿನಷ್ಟು ಕುಂಕುಮ ಹಚ್ಚಿದಂತೆ ಕೆಂಪು. ಅದರ ಮೇಲೆ ಬರೀ ಕಂದು.

"ಬಂಕಿನ ನೀರೇ ಕೆಳಗೆ ಇಳಿದಿರಬೋದಲ್ಲ" ಎಂದ ಕದಿರಪ್ಪ. ದನಿಯಲ್ಲಿ ಗಟ್ಟಿಯಿರಲಿಲ್ಲ.

"ಇಲ್ಲ ಕಣ್ರೀ" ಎಂದಳು ಅಂಜಿನಮ್ಮ. ಗಳವನ್ನು ಗೋಡೆಗೆ ಒರಗಿಸಿ ಸೆರಗಿನಿಂದ ಕೈ ಒರೆಸಿಕೊಂಡಳು. "ಬೇಸಿಗೇಲಿ ಬೋರ್‌ವೆಲ್ ಬತ್ತೋಗಿ ಟ್ಯಾಂಕರ್ ನೀರಿಗೆ ಬಾಯ್ ಬಾಯ್ ಬಿಡ್ತಿದ್ವಲ್ಲ, ಆಗ ನುಗ್ಗೆ ಮರಕ್ಕೆ, ದಾಸವಾಳಕ್ಕೆ ಅಂತ ಇದರಾಗೆ ನಾನೇ ನೀರು ತುಂಬಿಸ್ತಿದ್ದೆ. ನೀವು ವ್ಯಾನ್ ತಗಂಡು ಓದ ಮೇಲೆ. ನಿಮ್ಗೆ ಗೊತ್ತಾದ್ರೆ ರೇಗ್ತೀರಲ್ಲ, ಪೀಪಾಯಿ ಮುಟ್ಟಿದ್ದಕ್ಕೆ. ಮಳೆ ಬಂದಾಗ ಬಗ್ಗಿಸಿ ಚೆಲ್ಲಿದ್ದೆ. ತಳದಾಗೆ ಉಳಿದಿರ್ತದೆ ಅಂತ ನಂಗೇನು ಗೊತ್ತು?"

"ಇಷ್ಟು ದಿನ ಯಾಕೆ ಯೋಳಲಿಲ್ಲ?"

"ನೀವು ಯೋಳಾಕೆ ಬಿಟ್ರಲ್ವಾ? ಸೊಸೆ ಒರೆಸ್ಲಾ ಅಂತ ಕೇಳಿದ್ಳಂತಲ್ಲ, ಅವಳಿಗಾದ್ರೂ ಒರೆಸಾಕೆ ಬಿಟ್ರಾ?"

ಕದಿರಪ್ಪ ಪೀಪಾಯಿಯನ್ನು ನೋಡಿದ, ಗಳವನ್ನು ನೋಡಿದ. ಸೊಸೆಯ ಮುಖವನ್ನು ಮಾತ್ರ ನೋಡಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಹೊರಟುಹೋದ. ಮಧ್ಯಾಹ್ನ ಗುಜರಿಯ ಚಿಕ್ಕಮಾರಯ್ಯನನ್ನು ಕರೆತಂದು, ಉಳಿದಿದ್ದನ್ನು ಕ್ಯಾನಿಗೆ ಸುರಿಸಿ, ಪೀಪಾಯಿಯನ್ನು ಉರುಳಿಸಿ ಕಳಿಸಿದ. ಆದರೆ ವಾಟ್ಸಾಪ್ ಗುಂಪಿನಲ್ಲಿ ಮಾತು ವಾಪಸ್ ತೆಗೆದುಕೊಳ್ಳುವ ವಿಷಯ ಎತ್ತಲಿಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಇಲ್ಲ. ರಮಾ ತಾನಾಗಿ ಕೇಳಬಾರದೆಂದು ತುಟಿ ಕಚ್ಚಿಕೊಂಡಳು.

ಸೋಮವಾರ ಐದೂವರೆಗೇ ಅವಳು ಯೂನಿಫಾರ್ಮ್ ಹಾಕಿಕೊಂಡು ಹೊರಟಳು. ಕಳಿಸಿದರೆ ಬಟ್ಟೆ ಅಲ್ಲೇ ಬಿಚ್ಚಿಕೊಟ್ಟು ಬರೋಣವೆಂದು ಚೀಲದಲ್ಲಿ ಒಂದು ಚೂಡಿದಾರ್ ಕೂಡ ಇಟ್ಟುಕೊಂಡಳು. ಆರು ಗಂಟೆಗೆ ಬೆಲೆಯ ಬೋರ್ಡ್ ನೋಡಿದಳು. ಅವತ್ತು ಏರಿಯೂ ಇರಲಿಲ್ಲ, ಇಳಿದೂ ಇರಲಿಲ್ಲ. ಟ್ಯಾಂಕಿಗೆ ಸರಳು ಇಳಿಸಿದಳು, ಕೆಂಪಿಲ್ಲ, ಸೈನ್ ಮಾಡಿದಳು.

ಏಳೂವರೆಗೆ ವಿಜಯ್ ಕುಮಾರ್ ಮೊಬೈಲ್ ಹಿಡಿದುಕೊಂಡು ಓಡಿಬಂದ. "ರಮಾ, ಕೇಳಿಲ್ಲಿ."

ವಾಟ್ಸಾಪಿನ ಧ್ವನಿ. ಮೊದಲು ಸ್ಮಿತಾ ಪಿಸುಗುಟ್ಟಿದ್ದು ಕೇಳಿಸಿತು, "ತಾತ, ಒತ್ತಿದೀನಿ, ಮಾತಾಡು." ಆಮೇಲೆ ಕದಿರಪ್ಪ, ಎದುರಿಗೆ ಹನ್ನೆರಡು ಮನೆಯವರು ನಿಂತಿರುವಂತೆ ಗಟ್ಟಿಯಾಗಿ:

"ಎಲ್ರಿಗೂ ನಮಸ್ಕಾರ. ನಾನು ಕದಿರಪ್ಪ. ಆವತ್ತು ವ್ಯಾನ್ ನಿಂತಿದ್ದು ಬಂಕಿನ ಡೀಸೆಲ್ಲಿಂದ ಅಲ್ಲ. ರೇಟ್ ಏರ್ತದೆ ಅಂತ ಮನೇಲಿ ಹಳೇ ಪೀಪಾಯಿಗೆ ತುಂಬಿಸಿ ಮಡಗಿದ್ದೆ. ಅದರಾಗೆ ನೀರಿತ್ತು. ಪೀಪಾಯಿ ನಂದು, ತಪ್ಪು ನಂದು. ಬಂಕಿನೋರು ಸರಿಯಾಗೇ ಆಕವ್ರೆ. ಮಕ್ಳ ಪರೀಕ್ಷೆ ತಪ್ಪೋಯ್ತು. ಯಾರಾದ್ರೂ ಬೇರೆ ವ್ಯಾನಿಗೆ ಕಳಿಸ್ತೀನಿ ಅಂದ್ರೆ ನಂಗೆ ಬ್ಯಾಸರ ಇಲ್ಲ. ಈ ವರ್ಷದ ರೇಟ್ ಅಷ್ಟೇ, ಏರಿಸಾಕಿಲ್ಲ." ಆಮೇಲೆ ಮೊಮ್ಮಗಳಿಗೆ, "ಆಯ್ತಾ? ಎಂಗೆ ಆಫ್ ಮಾಡಾದು ಮಗ ಇದನ್ನ?"

ಹೆಂಡತಿಯ ಹೆಸರು ಅದರಲ್ಲಿ ಎಲ್ಲೂ ಬಂದಿರಲಿಲ್ಲ. ರಮಾ ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದಳು. ವಿಜಯ್ ಕುಮಾರ್ ಅದನ್ನು ಮಾಲೀಕರಿಗೆ ಕಳಿಸಿ, "ನಮ್ಮಿಬ್ಬರ ಅನ್ನ ಉಳೀತು ಕಣಮ್ಮ" ಎಂದು ಹಣೆ ಒರೆಸಿಕೊಂಡ.

ಎರಡು ಮನೆಯವರು ಮಕ್ಕಳನ್ನು ಬೇರೆ ವ್ಯಾನಿಗೆ ಸೇರಿಸಿದರು. ನಸೀಮಾ ಸೇರಿಸಲಿಲ್ಲ. ಚನ್ನುವಿನ ಗ್ಯಾರೇಜಿನಿಂದ ವ್ಯಾನ್ ಬರಲು ಹನ್ನೊಂದು ದಿನ ಹಿಡಿಯಿತು. ಆ ದಿನಗಳಲ್ಲಿ ನರೇಂದ್ರ ತನ್ನ ಟ್ಯಾಕ್ಸಿಯಲ್ಲೇ ಎರಡು ಟ್ರಿಪ್ ಮಾಡಿ ಮಕ್ಕಳನ್ನು ಬಿಟ್ಟು ಬಂದ. ಮನೆಯಲ್ಲಿ ಮಾವ-ಸೊಸೆ "ಊಟ ಆಯ್ತಾ", "ನೀರು ಕೊಡಮ್ಮ" ಎನ್ನುವಷ್ಟರಲ್ಲೇ ಇದ್ದರು.

ಜುಲೈ ಮೊದಲ ವಾರ, ಬೆಳಿಗ್ಗೆ ಆರೂಕಾಲಿಗೆ, ಬಂಕಿನ ಸಾಲಿನಲ್ಲಿ ಹಳದಿ ವ್ಯಾನ್ ಕಾಣಿಸಿತು. ಪಕ್ಕದ ಪಂಪು ಖಾಲಿಯಿತ್ತು, ಅಲ್ಲಿದ್ದವನು ಕೈಬೀಸಿ ಕರೆದ. ವ್ಯಾನ್ ಆ ಕಡೆಗೆ ತಿರುಗಲಿಲ್ಲ. ಮುಂದಿದ್ದ ಎರಡು ಕಾರುಗಳು ಹೋಗುವವರೆಗೂ ಕಾದು, ರಮಾಳ ಮುಂದೆ ಬಂದು ನಿಂತಿತು.

ಕದಿರಪ್ಪ ಕಿಟಕಿಯಿಂದ ಕೀ ಚಾಚಿದ. "ಇವತ್ತು ಎಷ್ಟಮ್ಮ?"

"ಅಷ್ಟೇ ಇದೆ ಮಾವ. ಏರಿಲ್ಲ."

"ಇಳಿದೂ ಇಲ್ಲ ಅನ್ನು."

"ಇಲ್ಲ. ಇಳಿದ್ರೆ ಮೊದ್ಲು ನಿಮಗೇ ಹೇಳ್ತೀನಿ."

"ಏರಿದ್ರೆ ಮಾತ್ರ ಯೋಳ್ಬ್ಯಾಡ ತಾಯಿ" ಎಂದ ಕದಿರಪ್ಪ. "ಸಾವಿರಕ್ಕೆ ಆಕು."

ರಮಾ ಟ್ಯಾಂಕಿನ ಮುಚ್ಚಳ ತೆಗೆದು ಪೈಪು ಇಟ್ಟಳು. ಮಾವ ಇಳಿದು ಬರಲೆಂದು ಒಂದು ಗಳಿಗೆ ಕಾದಳು. ಬಾಗಿಲು ತೆರೆಯಲಿಲ್ಲ.

"ಮಾವ, ಝೀರೋ ನೋಡ್ಕೊಳ್ಳಿ" ಎಂದಳು.

ಕದಿರಪ್ಪ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ರಸ್ತೆಯ ಕಡೆಗೇ ನೋಡುತ್ತಿದ್ದ.

"ನೀನು ನೋಡಿದೀಯಲ್ಲಮ್ಮ, ಆಕು."